ಹಿತ್ತಲಿನ ಮೀನುಕೊಳದಲ್ಲಿ ಉಪ್ಪಿನಂಶ: ಲಕ್ಷಣದಿಂದ ದೋಷ ಗುರುತಿಸುವ ಕೈಪಿಡಿ

ಸಿಹಿನೀರಿನ ಮೀನುಕೊಳದಲ್ಲಿ ಯಾವ ತೊಂದರೆ ಕಂಡರೂ ಹೆಚ್ಚಿನವರಿಗೆ ಮೊದಲು ನೆನಪಾಗುವ ಮದ್ದು ಉಪ್ಪು. ಅದು ಸುಲಭವಾಗಿ ಸಿಗುತ್ತದೆ, ಸರಿಯಾದ ಪ್ರಮಾಣದಲ್ಲಿ ಬಳಸಿದರೆ ನಿಜಕ್ಕೂ ಉಪಕಾರಿ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಲವಣಾಂಶ ಹೆಚ್ಚಿರುವುದರಿಂದ ಕಿವಿರುಗಳ ಮೂಲಕ ನೀರು ಸದಾ ಮೈಯೊಳಗೆ ಜಿನುಗುತ್ತಿರುತ್ತದೆ. ಹಾಗೆ ಬಂದ ನೀರನ್ನು ಮೂತ್ರಪಿಂಡಗಳು ಬಿಡುವಿಲ್ಲದೆ ಹೊರಹಾಕುತ್ತಿರಬೇಕು. ಗಾಯಗೊಂಡ ಅಥವಾ ಬಳಲಿದ ಮೀನಿಗೆ ಈ ಕೆಲಸ ಭಾರವಾದಾಗ ನೀರಿನಲ್ಲಿ ಬೆರೆತ ಸ್ವಲ್ಪ ಉಪ್ಪು ಆ ಭಾರವನ್ನು ಇಳಿಸುತ್ತದೆ.

ಆದರೆ ಕೊಳಕ್ಕೆ ಬಿದ್ದ ಉಪ್ಪು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಅದು ಆವಿಯಾಗುವುದಿಲ್ಲ, ಫಿಲ್ಟರ್ ಅದನ್ನು ತಡೆಹಿಡಿಯುವುದಿಲ್ಲ, ಅದನ್ನು ಕರಗಿಸಿ ಮುಗಿಸುವ ಬ್ಯಾಕ್ಟೀರಿಯಾ ಇಲ್ಲ. ಕೊಳದ ನೀರು ಹೊರಗೆ ಹೋದರೆ ಮಾತ್ರ ಅದರೊಡನೆ ಉಪ್ಪೂ ಹೋಗುತ್ತದೆ. ಹಿಂದಿನ ಸಲ ಹಾಕಿದ ಉಪ್ಪು ಇನ್ನೂ ನೀರಿನಲ್ಲೇ ಇರುವಾಗ ಈ ಸಲವೂ ಅಷ್ಟೇ ಹಾಕುವುದು ಕೊಳಗಳಲ್ಲಿ ನಾವು ಕಾಣುವ ಉಪ್ಪಿನ ತೊಂದರೆಗಳಲ್ಲಿ ಬಹುಪಾಲಿಗೆ ಮೂಲ. ಆದ್ದರಿಂದ ಮುಂದಿನ ಪ್ರತಿಯೊಂದು ಭಾಗದಲ್ಲೂ ಅಳೆಯುವ ಕೆಲಸ ಮೊದಲು ಬರುತ್ತದೆ, ಉಪ್ಪಿನ ಚೀಲ ಬಿಚ್ಚುವ ಕೆಲಸ ಕೊನೆಯಲ್ಲಿ.

ಅಂಕಿಗಳನ್ನು ಓದುವ ಬಗೆ

ಒಂದು ಲೀಟರ್ ನೀರಿಗೆ 1 ಗ್ರಾಂ ಉಪ್ಪು ಎಂದರೆ ಶೇಕಡಾ 0.1, ಅಥವಾ 1000 ಪಿಪಿಎಂ. ಕೊಳದ ಲೆಕ್ಕದಲ್ಲಿ ಅದು 1000 ಲೀಟರಿಗೆ 1 ಕಿಲೋ. ಕೋಯಿ, ಗೋಲ್ಡ್‌ಫಿಶ್‌ಗಳಂಥ ಮೀನುಗಳಿಗೆ ಶೇಕಡಾ 0.1 ಆರಾಮದ ಮಟ್ಟ. ಶೇಕಡಾ 0.3 ಚಿಕಿತ್ಸೆಯ ಮಟ್ಟ. ಒಂದೆರಡು ವಾರದ ಮಟ್ಟಿಗೆ ಸಾಕು, ವರ್ಷವಿಡೀ ಬೇಡ. ಶೇಕಡಾ 0.5 ತಲುಪಿದ ಕೊಳಕ್ಕೆ ಇನ್ನೊಂದು ಹಿಡಿ ಉಪ್ಪನ್ನೂ ಹಾಕಬಾರದು. ಹುರುಪೆಯಿಲ್ಲದ ಕ್ಯಾಟ್‌ಫಿಶ್ ಜಾತಿಗಳು, ಲೋಚ್ ಮೀನುಗಳು, ಸಿಹಿನೀರಿನ ಬಸವನಹುಳುಗಳು ಇರುವಲ್ಲಿ ಈ ಎಲ್ಲ ಮಿತಿಗಳನ್ನೂ ಇನ್ನಷ್ಟು ಕೆಳಗೆ ಇಟ್ಟುಕೊಳ್ಳುವುದು ಕ್ಷೇಮ.

ಲಕ್ಷಣ: ಮಾಪಕದ ಅಂಕಿಗೂ ಹಾಕಿದ ಉಪ್ಪಿಗೂ ತಾಳೆಯಾಗುವುದಿಲ್ಲ

ಹತ್ತು ಕಿಲೋ ಉಪ್ಪು ಹಾಕಿದ್ದೇವೆ, ಲೆಕ್ಕದ ಪ್ರಕಾರ ಶೇಕಡಾ 0.2 ಬರಬೇಕಿತ್ತು, ಮಾಪಕ ಮಾತ್ರ ಬೇರೆಯೇ ಹೇಳುತ್ತಿದೆ ಎಂಬುದು ತೀರ ಸಾಮಾನ್ಯವಾದ ಗೊಂದಲ. ಇದಕ್ಕೆ ಕಾರಣ ಹುಡುಕುವಾಗ ಹಣ ಖರ್ಚಾಗದ ಪರೀಕ್ಷೆಗಳಿಂದಲೇ ಆರಂಭಿಸಬೇಕು.

ಮೊದಲು ಉಪ್ಪು ಪೂರ್ತಿ ಕರಗಿದೆಯೇ ನೋಡಿ. ಹರಳುಪ್ಪು ತಳಕ್ಕೆ ಕುಳಿತು ನಿಧಾನವಾಗಿ ಕರಗುತ್ತದೆ, ಕರಗಿದ ದಟ್ಟ ಉಪ್ಪುನೀರು ಭಾರವಾದ್ದರಿಂದ ನೀರು ಸುತ್ತಾಡದ ಮೂಲೆಗಳಲ್ಲಿ ತಳದಲ್ಲೇ ನಿಲ್ಲುತ್ತದೆ. ಪಂಪು ಒಂದು ದಿನ ಓಡಿದ ಬಳಿಕ ಮೇಲಿನಿಂದ ಒಂದು, ಆಳದಿಂದ ಒಂದು ಮಾದರಿ ತೆಗೆದು ಅಳೆಯಿರಿ. ಎರಡೂ ಒಂದೇ ಬಂದರೆ ಮಾತ್ರ ಆ ಅಂಕಿಯನ್ನು ಇಡೀ ಕೊಳದ ಅಂಕಿಯೆಂದು ನಂಬಬಹುದು.

ಬಳಿಕ ಮಾಪಕವನ್ನೇ ಪರೀಕ್ಷಿಸಬೇಕು. ಅಗ್ಗವಾಗಿ ಸಿಗುವ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಪದಾರ್ಥಗಳ) ಮಾಪಕವು ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ. ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಅದನ್ನೊಂದು ಗುಣಕದಿಂದ ಗುಣಿಸಿ ಪಿಪಿಎಂ ಎಂದು ತೋರಿಸುತ್ತದೆ. ನೀರಿನ ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೂ ಆ ಅಂಕಿಯಲ್ಲಿ ಸೇರಿರುತ್ತವೆ. ಆದ್ದರಿಂದ ಕೊಳಕ್ಕೆ ತುಂಬುವ ಮೂಲ ನೀರಿನ ಅಂಕಿಯನ್ನು ಕೊಳದ ಅಂಕಿಯಿಂದ ಕಳೆಯಬೇಕು: ಮೂಲ ನೀರು 350 ತೋರಿಸಿ ಕೊಳ 1250 ತೋರಿಸಿದರೆ ಉಪ್ಪಿನ ಪಾಲು ಸುಮಾರು 900, ಅಂದರೆ ಶೇಕಡಾ 0.09. ಅದೂ ಮಾಪಕದ ಗುಣಕ 0.5 ಆಗಿದ್ದರೆ ಮಾತ್ರ. ಗುಣಕ 0.7 ಇರುವ ಮಾಪಕವು ಲೀಟರಿಗೆ 1 ಗ್ರಾಂ ಉಪ್ಪಿಗೆ 1000ದ ಬದಲು ಸುಮಾರು 1400 ತೋರಿಸುತ್ತದೆ.

ನಿಮ್ಮ ಮಾಪಕ ಯಾವ ಬಗೆಯದೆಂದು ತಿಳಿಯಲು ಕೈಪಿಡಿ ಹುಡುಕಬೇಕಾಗಿಲ್ಲ. ಒಂದು ಬಕೆಟ್ಟಿಗೆ 10 ಲೀಟರ್ ಮೂಲ ನೀರು ತುಂಬಿ ಅಳೆಯಿರಿ. ಅದಕ್ಕೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ 10 ಗ್ರಾಂ ಉಪ್ಪು ಕರಗಿಸಿ ಮತ್ತೆ ಅಳೆಯಿರಿ. ವ್ಯತ್ಯಾಸ 1000ದ ಆಸುಪಾಸು ಬಂದರೆ ಅಂಕಿಯನ್ನು ಹಾಗೆಯೇ ಓದಬಹುದು. 1400ರ ಆಸುಪಾಸು ಬಂದರೆ ಕೊಳದ ವ್ಯತ್ಯಾಸವನ್ನು 1.4ರಿಂದ ಭಾಗಿಸಬೇಕು. ವಾಹಕತೆಯನ್ನೇ ಮೈಕ್ರೋಸೀಮನ್ಸ್‌ನಲ್ಲಿ ತೋರಿಸುವ ಮಾಪಕದಲ್ಲಿ ವ್ಯತ್ಯಾಸ ಸುಮಾರು 2000 ಬರುತ್ತದೆ, ಆಗ ಎರಡರಿಂದ ಭಾಗಿಸಬೇಕು. ಈ ಒಂದು ಪರೀಕ್ಷೆಯಿಂದ ಗುಣಕವೂ ತಿಳಿಯುತ್ತದೆ, ಮಾಪಕ ಕೆಟ್ಟಿದ್ದರೆ ಅದೂ ತಿಳಿಯುತ್ತದೆ. ದುಬಾರಿ ಉಪಕರಣ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಲೇಬೇಕು. ಇನ್ನೊಂದು ಎಚ್ಚರ: ಕೆಲವು ಸಣ್ಣ ಮಾಪಕಗಳು 999 ದಾಟಿದ ಮೇಲೆ ಕೊನೆಯ ಅಂಕೆಯನ್ನು ಬಿಟ್ಟು, ಹತ್ತರಿಂದ ಗುಣಿಸಿಕೊಳ್ಳಿ ಎಂಬ ಪುಟ್ಟ ಗುರುತನ್ನು ಮಿನುಗಿಸುತ್ತವೆ. ಆ ಗುರುತನ್ನು ಗಮನಿಸದವರು 3000 ಇರುವ ಕೊಳವನ್ನು 300 ಎಂದು ಓದಿ ಮತ್ತಷ್ಟು ಉಪ್ಪು ಸುರಿಯುತ್ತಾರೆ.

ಸಾಂದ್ರತೆ ಅಳೆಯುವ ತೇಲುವ ಹೈಡ್ರೋಮೀಟರ್ ಸಮುದ್ರದ ನೀರಿಗೆ ಸರಿ, ಶೇಕಡಾ 0.1ರ ಉಪ್ಪು ನೀರಿನ ಸಾಂದ್ರತೆಯನ್ನು ಸಾವಿರದಲ್ಲಿ ಒಂದು ಪಾಲಿನಷ್ಟೂ ಬದಲಿಸದ ಕಾರಣ ಕೊಳದಲ್ಲಿ ಅದರಿಂದ ಏನೂ ತಿಳಿಯದು. ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪನ್ನು ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿಯೂ ಶೇಕಡಾ 0.1 ಎಂದರೆ ಸಾಮಾನ್ಯವಾಗಿ ಒಂದೇ ಒಂದು ಗೆರೆ. ಭಟ್ಟಿ ಇಳಿಸಿದ ನೀರು ಹಾಕಿ ಸೊನ್ನೆಗೆ ಹೊಂದಿಸಿಕೊಂಡು ಬಳಸಿದರೆ ಶೇಕಡಾ 0.3ರ ಚಿಕಿತ್ಸೆಯನ್ನು ಸ್ಥೂಲವಾಗಿ ಖಚಿತಪಡಿಸಿಕೊಳ್ಳಲು ಸಾಕು. ಗಡಸು ನೀರಿನ ಕೊಳಗಳಿಗೆ ಹೆಚ್ಚು ನಂಬಬಹುದಾದದ್ದು ಹನಿಗಳನ್ನು ಎಣಿಸುವ ಕ್ಲೋರೈಡ್ ಪರೀಕ್ಷಾ ಕಿಟ್. ಉಪ್ಪಿನ ತೂಕದಲ್ಲಿ ಸುಮಾರು ಶೇಕಡಾ 60 ಕ್ಲೋರೈಡ್ ಆದ್ದರಿಂದ ಕಿಟ್ ತೋರಿಸಿದ ಕ್ಲೋರೈಡ್ ಅಂಕಿಯನ್ನು 1.65ರಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ಇಂಥ ಅನೇಕ ಕಿಟ್‌ಗಳಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಅದು ಚರ್ಮವನ್ನು ಕಪ್ಪಾಗಿಸುತ್ತದೆ, ಕಣ್ಣಿಗೆ ಅಪಾಯಕಾರಿ. ಕೈಗವಸು ಹಾಕಿಕೊಳ್ಳಿ, ಪರೀಕ್ಷಿಸಿದ ನೀರನ್ನು ಕೊಳಕ್ಕೆ ಮರಳಿ ಸುರಿಯಬೇಡಿ.

ಕೊಳದ ನೀರನ್ನು ನಾಲಗೆಗೆ ಹಚ್ಚಿ ರುಚಿ ನೋಡುವ ಅಭ್ಯಾಸವನ್ನು ಖಂಡಿತ ಬಿಡಬೇಕು. ಶೇಕಡಾ 0.1ರ ಉಪ್ಪು ನಾಲಗೆಗೆ ಸ್ಪಷ್ಟವಾಗಿ ತಿಳಿಯುವುದಿಲ್ಲ, ಆದರೆ ಆ ನೀರಿನಲ್ಲಿರುವ ರೋಗಾಣುಗಳು ಹೊಟ್ಟೆಗೆ ಹೋಗುತ್ತವೆ.

ಮಾಪಕ ಸರಿಯಿದ್ದೂ ಲೆಕ್ಕ ತಪ್ಪಿದರೆ ತಪ್ಪಿರುವುದು ಕೊಳದ ಗಾತ್ರದ ಅಂದಾಜು. ಉದ್ದ, ಅಗಲ, ಸರಾಸರಿ ಆಳಗಳನ್ನು ಮೀಟರಿನಲ್ಲಿ ಗುಣಿಸಿ ಮತ್ತೆ 1000ದಿಂದ ಗುಣಿಸಿದರೆ ಆಯತಾಕಾರದ ಕೊಳದ ಲೀಟರ್ ಸಿಗುತ್ತದೆ; ದುಂಡು ಅಥವಾ ಮೊಟ್ಟೆಯಾಕಾರದ ಕೊಳಕ್ಕೆ ಅದನ್ನು 0.785ರಿಂದ ಗುಣಿಸಬೇಕು. ಇಳಿಜಾರು ಅಂಚು, ಕಲ್ಲು, ಮೆಟ್ಟಿಲುಗಳಿರುವ ಕೊಳದಲ್ಲಿ ಈ ಲೆಕ್ಕ ನೈಜ ಗಾತ್ರಕ್ಕಿಂತ ಹೆಚ್ಚೇ ತೋರಿಸುತ್ತದೆ. ಅಲ್ಲಿ ಉಪ್ಪೇ ಅಳತೆಗೋಲಾಗಬಲ್ಲದು: ತೂಗಿದ ಉಪ್ಪನ್ನು ಕರಗಿಸಿ ಹಾಕಿ, ಪೂರ್ತಿ ಬೆರೆತ ಮೇಲೆ ಎಷ್ಟು ಏರಿತೆಂದು ಅಳೆದು, ಹಾಕಿದ ಗ್ರಾಂಗಳನ್ನು ಲೀಟರಿಗೆ ಏರಿದ ಗ್ರಾಂಗಳಿಂದ ಭಾಗಿಸಿದರೆ ಕೊಳದ ನಿಜವಾದ ಲೀಟರ್ ದೊರೆಯುತ್ತದೆ. 2000 ಗ್ರಾಂ ಹಾಕಿದಾಗ ಲೀಟರಿಗೆ 0.5 ಗ್ರಾಂ ಏರಿದರೆ ಕೊಳದಲ್ಲಿರುವುದು 4000 ಲೀಟರ್. ಈ ಅಂಕಿಯನ್ನು ಒಂದು ಕಡೆ ಬರೆದಿಟ್ಟರೆ ಮುಂದೆ ಯಾವ ಔಷಧಿ ಹಾಕುವಾಗಲೂ ನೆರವಾಗುತ್ತದೆ.

ಲಕ್ಷಣ: ಉಪ್ಪು ಹಾಕದಿದ್ದರೂ ಅಂಕಿ ಏರುತ್ತಿದೆ

ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಿದೆಯೇ ಎಂದು ಮೊದಲು ನೋಡಿ. ಹತ್ತನೇ ಒಂದು ಪಾಲು ನೀರು ಆವಿಯಾದರೆ ಶೇಕಡಾ 0.30 ಇದ್ದದ್ದು 0.33 ಆಗುತ್ತದೆ, ಹಳೆಯ ಮಟ್ಟಕ್ಕೆ ತುಂಬಿಸಿದರೆ ಮತ್ತೆ 0.30ಕ್ಕೆ ಬರುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ತುಂಬಿಸುವುದನ್ನೇ ನೀರು ಬದಲಿಸುವುದೆಂದು ತಿಳಿಯುವವರ ಕೊಳದಲ್ಲಿ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುತ್ತದೆ, ಏಕೆಂದರೆ ತುಂಬಿಸುವ ನೀರಿನಲ್ಲಿರುವ ಲವಣಗಳೂ ಅಲ್ಲಿ ಉಳಿದುಹೋಗುತ್ತವೆ. ಆದ್ದರಿಂದ ಮೂಲ ನೀರನ್ನೂ ಆಗಾಗ ಅಳೆಯಬೇಕು. ಕೊಳವೆಬಾವಿಯ ನೀರಿನ ಲವಣಾಂಶ ಋತುವಿಗೆ ತಕ್ಕಂತೆ ಬದಲಾಗಬಹುದು. ಟಿಡಿಎಸ್ ಏರಿದ್ದು ಕ್ಲೋರೈಡ್ ಕಿಟ್ ಮಾತ್ರ ಹಳೆಯ ಅಂಕಿಯನ್ನೇ ತೋರಿಸಿದರೆ ಏರಿರುವುದು ಉಪ್ಪಲ್ಲ, ಬೇರೆ ಲವಣಗಳು.

ಲಕ್ಷಣ: ಅಂಕಿ ಬೇಗ ಬೇಗ ಇಳಿಯುತ್ತಿದೆ

ಮಳೆಗೆ ಕೊಳ ತುಂಬಿ ಹರಿದಿದ್ದರೆ ಉತ್ತರ ಅಲ್ಲೇ ಇದೆ. ಮಳೆಯೂ ಇಲ್ಲ, ನೀರನ್ನೂ ಬದಲಿಸಿಲ್ಲ ಎಂದಾದರೆ ಕೊಳ ಸೋರುತ್ತಿದೆ, ಇಳಿದ ಮಟ್ಟಕ್ಕೆ ತುಂಬಿಸುವ ಹೊಸ ನೀರು ಉಪ್ಪನ್ನು ತೆಳುವಾಗಿಸುತ್ತಿದೆ. ನೀರು ತುಂಬಿದ ಬಕೆಟ್ಟೊಂದನ್ನು ಕೊಳದ ಮೆಟ್ಟಿಲ ಮೇಲೆ, ಅರ್ಧ ಮುಳುಗುವಂತೆ ಇಟ್ಟು, ಒಳಗಿನ ಮತ್ತು ಹೊರಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಎರಡು ದಿನಗಳಲ್ಲಿ ಎರಡೂ ಸಮನಾಗಿ ಇಳಿದರೆ ಆವಿಯಾಗಿದೆ, ಹೊರಗಿನದು ಹೆಚ್ಚು ಇಳಿದರೆ ಸೋರಿಕೆಯಿದೆ. ಪಂಪು ನಿಲ್ಲಿಸಿ ಇದನ್ನೇ ಮತ್ತೆ ಮಾಡಿದರೆ ಸೋರಿಕೆ ಕೊಳವೆಯಲ್ಲೋ ಹಾಸಿನಲ್ಲೋ ಎಂಬುದೂ ಗೊತ್ತಾಗುತ್ತದೆ. ಮೀನುಗಳಿರುವ ಕೊಳದಲ್ಲಿ ಪಂಪನ್ನು ಹಾಗೆ ನಿಲ್ಲಿಸುವಾಗ ಗಾಳಿ ಪಂಪು ಓಡುತ್ತಿರಲಿ.

ಲಕ್ಷಣ: ಉಪ್ಪು ಹಾಕಿದ ಬಳಿಕ ಮೀನುಗಳು ಚಡಪಡಿಸುತ್ತಿವೆ, ಅಥವಾ ಮೇಲೆ ಬಂದು ಬಾಯಿ ತೆರೆಯುತ್ತಿವೆ

ಇದು ಕಾಯಲಾಗದ ಲಕ್ಷಣ. ಮೊದಲು ಗಾಳಿ ಪಂಪು ಚಾಲೂ ಮಾಡಿ, ಆಹಾರ ನಿಲ್ಲಿಸಿ, ಆಮೇಲೆ ಒಂದೊಂದಾಗಿ ನೋಡುತ್ತ ಹೋಗಿ.

ತಳದಲ್ಲಿ ಹರಳುಗಳ ರಾಶಿ ಕಾಣುತ್ತಿದೆಯೇ? ಅದರ ಮೇಲೆ ಒರಗುವ ಮೀನಿನ ಹೊಟ್ಟೆ, ರೆಕ್ಕೆಗಳು ಸುಡುತ್ತವೆ, ಮೈಮೇಲೆ ಬಿಳಿ ಲೋಳೆ ದಪ್ಪಗೆ ಕಟ್ಟುತ್ತದೆ. ಕೊಳವೆಯಿಂದ ಆ ಹರಳುಗಳನ್ನು ಹೀರಿ ತೆಗೆಯಿರಿ. ಉಪ್ಪನ್ನು ಯಾವಾಗಲೂ ಬಕೆಟ್ಟಿನಲ್ಲಿ ಕೊಳದ ನೀರಿನಿಂದಲೇ ಪೂರ್ತಿ ಕರಗಿಸಿ, ನೀರು ಚೆನ್ನಾಗಿ ಸುತ್ತಾಡುವ ಕಡೆ ನಿಧಾನವಾಗಿ ಸುರಿಯಬೇಕು. ಒಂದು ದಿನದಲ್ಲಿ ಶೇಕಡಾ 0.1ಕ್ಕಿಂತ ಹೆಚ್ಚು ಏರಿಸಬಾರದು. ಶೇಕಡಾ 0.3 ಮುಟ್ಟಲು ಮೂರು ದಿನ ಬೇಕೆಂದರೆ ಕೆಲವರಿಗೆ ಬೇಸರವಾಗುತ್ತದೆ, ಆದರೆ ಮೀನಿನ ಮೈ ಮಾತ್ರವಲ್ಲ, ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಫಿಲ್ಟರಿನಲ್ಲಿ ಅರಗಿಸುವ ಬ್ಯಾಕ್ಟೀರಿಯಾಗಳೂ ಹೊಂದಿಕೊಳ್ಳಲು ಆ ಕಾಲಾವಕಾಶ ಬೇಕು.

ಫಿಲ್ಟರಿನಲ್ಲಿ ಜಿಯೋಲೈಟ್ ಇದೆಯೇ? ಇದು ಬಹಳ ಜನರ ಗಮನಕ್ಕೆ ಬಾರದ ಅಪಾಯ. ಜಿಯೋಲೈಟ್ ಕಲ್ಲುಗಳು ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುತ್ತವೆ. ಉಪ್ಪುನೀರು ತಾಗಿದೊಡನೆ ಸೋಡಿಯಂ ಒಳಸೇರಿ, ಹಿಡಿದಿಟ್ಟ ಅಮೋನಿಯಾ ಕೊಳಕ್ಕೆ ಬಿಡುಗಡೆಯಾಗುತ್ತದೆ. ಮೀನು ಒದ್ದಾಡುವುದು ಉಪ್ಪಿಗೆ ಎಂದು ತೋರಿದರೂ ನಿಜವಾಗಿ ಸುಡುತ್ತಿರುವುದು ಅಮೋನಿಯಾ. ಜಿಯೋಲೈಟನ್ನು ಕೂಡಲೇ ಹೊರತೆಗೆದು ಅಮೋನಿಯಾ ಪರೀಕ್ಷೆ ಮಾಡಿ; ಇದ್ದರೆ ನೀರು ಬದಲಿಸಿ. ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಹೆಚ್ಚಿದ್ದಷ್ಟೂ, ನೀರು ಬೆಚ್ಚಗಿದ್ದಷ್ಟೂ ಅಮೋನಿಯಾದ ವಿಷ ಏರುತ್ತದೆ.

ಉಪ್ಪು ಹಾಕಿ ಕೆಲವು ದಿನ ಕಳೆದ ಮೇಲೆ, ಅದರಲ್ಲೂ ಬೆಳಗಿನ ಜಾವ ಮೀನುಗಳು ಮೇಲೆ ಬರುತ್ತಿದ್ದರೆ ಪಾಚಿ ಮತ್ತು ಗಿಡಗಳನ್ನು ನೋಡಿ. ಉಪ್ಪಿಗೆ ಸತ್ತ ಸಸ್ಯಗಳು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ, ರಾತ್ರಿ ಕಳೆದು ಬೆಳಕು ಹರಿಯುವ ಹೊತ್ತಿಗೆ ಅದು ಅತಿ ಕಡಿಮೆ ಇರುತ್ತದೆ. ಕೊಳೆತದ್ದನ್ನು ಬಲೆಯಿಂದ ಬಾಚಿ ತೆಗೆದು, ಹಗಲೂ ರಾತ್ರಿ ಗಾಳಿ ಹಾಯಿಸಬೇಕು.

ಗಾಳಿ ಸಾಕಷ್ಟಿದ್ದೂ ಮೀನು ಏದುಸಿರು ಬಿಡುತ್ತಿದ್ದರೆ, ಕಿವಿರು ಕೆಂಪಗಿರುವ ಬದಲು ಕಂದು ಬಣ್ಣಕ್ಕೆ ತಿರುಗಿದ್ದರೆ, ನೈಟ್ರೈಟ್ (ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಅರಗಿಸುವಾಗ ಉಂಟಾಗುವ ವಸ್ತು) ಪರೀಕ್ಷೆ ಮಾಡಿ. ನೈಟ್ರೈಟ್ ಒಳಸೇರಿದರೆ ರಕ್ತವು ಆಮ್ಲಜನಕವನ್ನು ಹೊರಲಾರದು. ಇಲ್ಲಿ ಉಪ್ಪೇ ಪರಿಹಾರ: ಕಿವಿರಿನಲ್ಲಿ ನೈಟ್ರೈಟ್ ಹಾದುಹೋಗುವ ದಾರಿಯನ್ನೇ ಕ್ಲೋರೈಡ್ ಹಿಡಿದುಕೊಳ್ಳುವುದರಿಂದ ವಿಷ ಒಳಹೋಗುವುದು ತಗ್ಗುತ್ತದೆ. ನೈಟ್ರೈಟಿನ ಹತ್ತು ಪಟ್ಟು ಕ್ಲೋರೈಡ್ ಇರಬೇಕೆಂಬುದು ಬಳಕೆಯಲ್ಲಿರುವ ಅಳತೆ. ಲೀಟರಿಗೆ 2 ಮಿಲಿಗ್ರಾಂ ನೈಟ್ರೈಟ್ ಇದ್ದರೆ 20 ಮಿಲಿಗ್ರಾಂ ಕ್ಲೋರೈಡ್ ಬೇಕು, ಅದಕ್ಕೆ 1000 ಲೀಟರಿಗೆ ಕೇವಲ 33 ಗ್ರಾಂ ಉಪ್ಪು ಸಾಕು. ಶೇಕಡಾ 0.1 ಉಪ್ಪಿರುವ ಕೊಳದಲ್ಲಿ ಇದಕ್ಕಿಂತ ಹಲವು ಪಟ್ಟು ಹೆಚ್ಚು ಕ್ಲೋರೈಡ್ ಆಗಲೇ ಇದೆ. ನೈಟ್ರೈಟ್ ಕಂಡಿತೆಂದು ಅದಕ್ಕೆ ಮತ್ತೆ ಉಪ್ಪು ಸುರಿಯುವ ಅಗತ್ಯವಿಲ್ಲ. ನೈಟ್ರೈಟನ್ನು ತೆಗೆಯುವ ಕೆಲಸ ಮಾತ್ರ ನೀರು ಬದಲಾವಣೆಯದು ಮತ್ತು ಫಿಲ್ಟರಿನದು.

ಕೊನೆಗೆ ಉಪ್ಪಿನ ಪೊಟ್ಟಣವನ್ನು ಓದಿ. ಬೇಕಾದದ್ದು ಬೇರೇನೂ ಬೆರೆಸದ ಸೋಡಿಯಂ ಕ್ಲೋರೈಡ್, ಅಂದರೆ ಸಾದಾ ಹರಳುಪ್ಪು. ಪುಡಿಯುಪ್ಪು ಗಂಟುಕಟ್ಟದಿರಲೆಂದು ಸೇರಿಸುವ ಫೆರೋಸಯನೈಡ್ ಬಿಸಿಲಿಗೆ ಒಡೆದು ಸಯನೈಡ್ ಬಿಡಬಲ್ಲದು. ಪ್ರಮಾಣ ಅಲ್ಪವೇ ಆದರೂ ಕಿಲೋಗಟ್ಟಲೆ ಹಾಕುವ ಕೊಳಕ್ಕೆ ಅದು ಬೇಡ. ಎಪ್ಸಮ್ ಉಪ್ಪು ಮೆಗ್ನೀಸಿಯಂ ಸಲ್ಫೇಟ್, ಅದರಲ್ಲಿ ಕ್ಲೋರೈಡ್ ಇಲ್ಲವೇ ಇಲ್ಲ.

ಲಕ್ಷಣ: ಮೀನುಗಳು ಮೈಯನ್ನು ಗೋಡೆಗೆ, ಕಲ್ಲಿಗೆ ಉಜ್ಜುತ್ತಿವೆ

ಮೈ ಉಜ್ಜಿದ್ದನ್ನು ಕಂಡ ಕೂಡಲೇ ಉಪ್ಪು ಹಾಕುವ ಆತುರ ಬೇಡ. ಅಂದು ಅಥವಾ ಹಿಂದಿನ ದಿನ ನಲ್ಲಿ ನೀರು ತುಂಬಿಸಿದ್ದರೆ ಕ್ಲೋರಿನ್ ಕಾರಣವಾಗಿರಬಹುದು, ಅದಕ್ಕೆ ಮದ್ದು ಸೋಡಿಯಂ ಥಯೋಸಲ್ಫೇಟ್. ಉಪ್ಪು ಕ್ಲೋರಿನ್ನನ್ನು ತೆಗೆಯುವುದಿಲ್ಲ. ಅಮೋನಿಯಾ, ಪಿಎಚ್ ನೋಡಿದ ಮೇಲೂ ಕಾರಣ ಸಿಗದಿದ್ದರೆ ಪರೋಪಜೀವಿಗಳನ್ನು ಶಂಕಿಸಬೇಕು. ಬಿಳಿಚುಕ್ಕೆ ರೋಗ, ಟ್ರೈಕೋಡೈನಾ, ಕಾಸ್ಟಿಯಾಗಳಂಥ ಏಕಕೋಶಜೀವಿಗಳ ಮೇಲೆ ಶೇಕಡಾ 0.3ರ ಉಪ್ಪು ಹಲವು ಬಾರಿ ಕೆಲಸ ಮಾಡುತ್ತದೆ, ಆದರೆ ಉಪ್ಪಿಗೆ ಜಗ್ಗದ ತಳಿಗಳೂ ಇವೆ. ಚರ್ಮ ಮತ್ತು ಕಿವಿರಿಗೆ ಅಂಟುವ ಚಪ್ಪಟೆಹುಳುಗಳ ಮೇಲೆ ಈ ಮಟ್ಟದ ಉಪ್ಪನ್ನು ನೆಚ್ಚಿಕೊಳ್ಳಲಾಗದು. ಶೇಕಡಾ 0.3ರಲ್ಲಿ ಎರಡು ವಾರ ಕಳೆದರೂ ಉಜ್ಜುವುದು ನಿಲ್ಲದಿದ್ದರೆ ಇನ್ನಷ್ಟು ಉಪ್ಪು ಏರಿಸುವುದು ಪರಿಹಾರವಲ್ಲ. ಮೀನಿನ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲವರ ಬಳಿ ಹೋಗಬೇಕು.

ಲಕ್ಷಣ: ನೈದಿಲೆ, ಅಂತರಗಂಗೆಗಳ ಎಲೆಯಂಚು ಕಂದಾಗಿ ಒಣಗುತ್ತಿದೆ

ತಾವರೆ, ನೈದಿಲೆ ಮತ್ತು ತೇಲುವ ಗಿಡಗಳು ಮೀನಿಗಿಂತ ಮೊದಲೇ ಉಪ್ಪಿಗೆ ಸೋಲುತ್ತವೆ, ಶೇಕಡಾ 0.1 ದಾಟಿದ ಮೇಲೆ ಅನೇಕ ಗಿಡಗಳ ಎಲೆ ಸುಡತೊಡಗುತ್ತದೆ. ಚಿಕಿತ್ಸೆ ಬೇಕಾದದ್ದು ಒಂದೆರಡು ಮೀನಿಗೆ ಮಾತ್ರವಾದರೆ ಅವನ್ನು ಬೇರೆ ತೊಟ್ಟಿಗೆ ಸಾಗಿಸಿ ಅಲ್ಲಿ ಉಪ್ಪು ಹಾಕುವುದೇ ಲೇಸು, ಗಿಡಗಳೂ ಉಳಿಯುತ್ತವೆ, ಅಳತೆಯೂ ನಿಖರವಾಗುತ್ತದೆ.

ಉಪ್ಪು ಹೆಚ್ಚಾಗಿದೆ ಎಂದು ಖಚಿತವಾದರೆ

ನೀರು ತೆಗೆದು ಹೊಸ ನೀರು ತುಂಬುವುದೊಂದೇ ದಾರಿ. ಬದಲಿಸಿದ ಪಾಲಿನಷ್ಟೇ ಉಪ್ಪು ಇಳಿಯುತ್ತದೆ: ಐದನೇ ಒಂದು ಪಾಲು ಬದಲಿಸಿದರೆ ಶೇಕಡಾ 0.5 ಇದ್ದದ್ದು 0.4 ಆಗುತ್ತದೆ, ಮರುದಿನ ಮತ್ತೆ ಅಷ್ಟೇ ಬದಲಿಸಿದರೆ 0.32. ಮೀನುಗಳು ನೆಮ್ಮದಿಯಾಗಿದ್ದರೆ ಹೀಗೆ ದಿನಕ್ಕೊಂದು ಪಾಲಿನಂತೆ ಇಳಿಸಿ. ಅವು ಬುಡಮೇಲಾಗುತ್ತಿದ್ದರೆ, ಸಮತೋಲ ತಪ್ಪಿ ಒರಗುತ್ತಿದ್ದರೆ ಕಾಯದೆ ಮೂರನೇ ಒಂದು ಪಾಲು ಬದಲಿಸಬೇಕು. ಹೊಸ ನೀರಿನ ಕ್ಲೋರಿನ್ ತೆಗೆದಿರಬೇಕು, ಅದರ ಉಷ್ಣತೆ ಕೊಳದ ನೀರಿನಷ್ಟೇ ಇರಬೇಕು. ತೆಗೆದ ಉಪ್ಪುನೀರನ್ನು ತೋಟದ ಗಿಡಗಳಿಗೋ ಹಳ್ಳಕ್ಕೋ ಬಿಡಬಾರದು. ಮಣ್ಣಿನಲ್ಲಿ ಉಪ್ಪು ಸೇರಿಕೊಂಡರೆ ಬೇರುಗಳು ನೀರು ಹೀರಲಾರವು.

ಈ ಕೆಲಸಗಳಲ್ಲೆಲ್ಲ ವಿದ್ಯುತ್ತಿನ ಎಚ್ಚರ ಮುಖ್ಯ. ಉಪ್ಪುನೀರು ಸಿಹಿನೀರಿಗಿಂತ ಹೆಚ್ಚು ವಿದ್ಯುತ್ ಹರಿಸುತ್ತದೆ, ಲೋಹದ ಭಾಗಗಳನ್ನು ಬೇಗ ತುಕ್ಕು ಹಿಡಿಸುತ್ತದೆ. ಕೈ ಹಾಕುವ ಮೊದಲು ನೀರಿನಲ್ಲಿರುವ ಎಲ್ಲ ಉಪಕರಣಗಳ ಪ್ಲಗ್ ಕೀಳಿ. ವೈರಿನ ಹೊದಿಕೆ ಬಿರುಕು ಬಿಟ್ಟಿದ್ದರೆ ಅದನ್ನು ಮತ್ತೆ ಬಳಸಬೇಡಿ. ವಿದ್ಯುತ್ ಸೋರಿಕೆ ಕಂಡೊಡನೆ ಪೂರೈಕೆ ಕಡಿಯುವ ಸುರಕ್ಷಾ ಸ್ವಿಚ್ ಇಲ್ಲದ ಸಂಪರ್ಕಕ್ಕೆ ಕೊಳದ ಪಂಪನ್ನು ಜೋಡಿಸಬೇಡಿ. ಜಿಂಕ್ ಲೇಪಿತ ಬಕೆಟ್, ಜಾಲರಿಗಳನ್ನು ಉಪ್ಪಿರುವ ಕೊಳದಲ್ಲಿ ಇಡಬಾರದು, ಕರಗಿ ಬರುವ ಜಿಂಕ್ ಮೀನಿಗೆ ವಿಷ.

ಎಲ್ಲಿ ನಿಲ್ಲಿಸಿ ತಜ್ಞರನ್ನು ಕರೆಯಬೇಕು

ಅಮೋನಿಯಾ, ನೈಟ್ರೈಟ್, ಪಿಎಚ್, ಉಪ್ಪು ನಾಲ್ಕೂ ಸರಿಯಿದ್ದು ಮೀನುಗಳು ಸಾಯುತ್ತಿದ್ದರೆ, ಹುಣ್ಣು ಮಾಂಸದವರೆಗೆ ಇಳಿದಿದ್ದರೆ, ಹೊಟ್ಟೆ ಉಬ್ಬಿ ಹುರುಪೆಗಳು ಎದ್ದುನಿಂತಿದ್ದರೆ ಉಪ್ಪಿನ ಪ್ರಯೋಗ ಅಲ್ಲಿಗೆ ನಿಲ್ಲಬೇಕು. ಹಲವು ಮೀನುಗಳು ಒಮ್ಮೆಲೇ ಸಾಯುತ್ತ, ಕಣ್ಣು ಗುಳಿಬಿದ್ದು ಕಿವಿರಿನಲ್ಲಿ ಬಿಳಿ ಕಲೆಗಳು ಕಂಡರೆ ಅದು ಕೋಯಿಗಳಿಗೆ ಬರುವ ಹರ್ಪಿಸ್ ವೈರಸ್ ರೋಗವಿರಬಹುದು. ಉಪ್ಪು ಅದನ್ನು ಗುಣಪಡಿಸದು, ಆ ಕೊಳದ ಮೀನು, ನೀರು, ಬಲೆ ಯಾವುದನ್ನೂ ಬೇರೆ ಕೊಳಕ್ಕೆ ಒಯ್ಯಬಾರದು. ಉಪ್ಪಿರುವ ಕೊಳಕ್ಕೆ ಬೇರೆ ಔಷಧಿ ಸೇರಿಸುವ ಮೊದಲು ಪಶುವೈದ್ಯರಿಗೆ ಉಪ್ಪಿನ ಅಂಕಿಯನ್ನು ತಿಳಿಸಲೇಬೇಕು.

ವೈದ್ಯರ ಬಳಿ ಹೋಗುವಾಗ, ನೀರು ಬದಲಿಸುವ ಮೊದಲೇ ಸ್ವಚ್ಛವಾದ ಬಾಟಲಿಯಲ್ಲಿ ಗಾಳಿಗೆ ಜಾಗವಿಲ್ಲದಂತೆ ತುಂಬಿದ ಕೊಳದ ನೀರನ್ನೂ, ಇನ್ನೊಂದರಲ್ಲಿ ಮೂಲ ನೀರನ್ನೂ ಅದೇ ದಿನ ಒಯ್ಯಿರಿ. ಜೊತೆಗೆ ಯಾವ ದಿನ ಎಷ್ಟು ಉಪ್ಪು ಹಾಕಿದಿರಿ, ಎಷ್ಟು ನೀರು ಬದಲಿಸಿದಿರಿ, ಮಾಪಕ ಏನು ತೋರಿಸಿತು ಎಂದು ಬರೆದ ಹಾಳೆ ಇರಲಿ.